ಟ್ಯಾಂಕಿಗೆ ಬಂದ ಮುಯ್ಯಾಳು

ಬ್ಲೀಚಿಂಗ್ ಪುಡಿಯ ಚೀಲ ತೊಡೆಯ ಮೇಲಿದ್ದರೆ ಬಸ್ಸಿನಲ್ಲಿ ಪಕ್ಕದ ಸೀಟು ತಾನಾಗಿಯೇ ಖಾಲಿ ಉಳಿಯುತ್ತದೆ. ದಾವಣಗೆರೆಗೂ ಹರಿಹರಕ್ಕೂ ಮೂರು ತಿಂಗಳು ಓಡಾಡಿದ ಕಾಲದಲ್ಲಿ ನನಗೆ ಸಿಕ್ಕ ಸೌಲಭ್ಯ ಅದೊಂದೇ. ವಿನೋಬನಗರದ ನನ್ನ ಮನೆಯಿಂದ ಬಸ್ಸು, ಹರಿಹರದಲ್ಲಿ ಇಳಿದು ಆಟೋ, ಕೊನೆಗೆ ಗುತ್ತೂರಿನ ಅಂಚಿನ ಒಂದು ಓಣಿ. ದೊಡ್ಡವರಿಗೆ ಕಲಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನನ್ನ ಕೆಲಸ. ಆ ಸಲ ನನಗೆ ಒಪ್ಪಿಸಿದ್ದ ಪಾಠ ನೀರಿನದು. ಓಣಿಯ ಏಳು ಹೆಂಗಸರಿಗೆ ತಮ್ಮ ಕುಡಿಯುವ ನೀರಿನ ಟ್ಯಾಂಕನ್ನು ತಾವೇ ನೋಡಿಕೊಳ್ಳಲು ಕಲಿಸಬೇಕಿತ್ತು.

ಟ್ಯಾಂಕು ಎಂದರೆ ಸಿಮೆಂಟಿನ ಚೌಕ ತೊಟ್ಟಿ, ಐದು ಸಾವಿರ ಲೀಟರ್ ಹಿಡಿಯುವಂಥದು. ಮೂರು ಮೆಟ್ಟಿಲು, ಮೇಲೊಂದು ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಬೆಳಗಿನ ಹೊತ್ತು ಬೋರ್‌ವೆಲ್ಲಿನ ಮೋಟಾರು ಅದನ್ನು ತುಂಬಿಸುತ್ತದೆ. ಬುಡದಲ್ಲಿ ನಾಲ್ಕು ನಲ್ಲಿ, ಓಣಿಯ ಕೊನೆಯಲ್ಲಿ ಒಂದು. ಹಿಂದಿನ ಮಳೆಗಾಲದಲ್ಲಿ ಓಣಿಯ ಅರ್ಧ ಮನೆಗಳಲ್ಲಿ ವಾಂತಿಭೇದಿಯಾಗಿತ್ತು. ಟ್ಯಾಂಕಿನ ಎದುರುಮನೆಯಾಕೆ ತನ್ನ ಅತ್ತೆಯನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಐದು ದಿನ ಕುಳಿತಿದ್ದಳು. ಅಲ್ಲಿಂದ ಬಂದವಳೇ ಮನೆಮನೆ ತಿರುಗಿ ಅರ್ಜಿಯೊಂದಕ್ಕೆ ಸಹಿ, ಹೆಬ್ಬೆಟ್ಟು ಹಾಕಿಸಿದಳು. ಟ್ಯಾಂಕನ್ನು ನಮ್ಮ ಕೈಗೆ ಕೊಡಿ, ದಿನಾ ಔಷಧಿ ಹಾಕುವುದು ನಮ್ಮ ಜವಾಬ್ದಾರಿ ಎಂದು ಅದರಲ್ಲಿ ಬರೆದಿತ್ತು. ನೀರು ಸರಬರಾಜಿನ ಕಚೇರಿಯವರು ಮೂರು ತಿಂಗಳು ಪರೀಕ್ಷೆಗೆ ಒಪ್ಪಿದರು. ಗೆದ್ದರೆ ಬೀಗದ ಕೈ ಓಣಿಗೆ. ಸೋತರೆ ಗುತ್ತಿಗೆಯ ಏಜೆನ್ಸಿಗೆ, ಅವರ ಆಳು ವಾರಕ್ಕೊಮ್ಮೆ ಬಂದು ಹೋಗುತ್ತಾನೆ.

"ವಾರಕ್ಕೊಮ್ಮೆ ಬಂದು ಹಾಕಿ ಹೋದ್ರೆ ಉಳಿದ ಆರು ದಿನ ನಾವು ಏನು ಕುಡಿಯಾನ್ರಿ?" ಎಂದು ಆಕೆ ಮೊದಲ ದಿನವೇ ನನ್ನನ್ನು ಕೇಳಿದಳು. ಕೇಳಿದ ರೀತಿ ನೋಡಿದರೆ ಏಜೆನ್ಸಿಯನ್ನು ನಾನೇ ನಡೆಸುತ್ತಿದ್ದೇನೆ ಅನ್ನಿಸುವಂತಿತ್ತು.

ಮೊದಲ ತಿಂಗಳು ತರಗತಿ. ಸಮುದಾಯ ಭವನದ ಜಗಲಿಯ ಮೇಲೆ ಮಧ್ಯಾಹ್ನ ನಾಲ್ಕಕ್ಕೆ. ಏಳರಲ್ಲಿ ಮೂವರಿಗೆ ಓದು ಬರುತ್ತಿತ್ತು, ಎದುರುಮನೆಯಾಕೆಗೆ ಅಂಕಿ ಕೂಡ ಅಷ್ಟಕ್ಕಷ್ಟೆ. ಕೆಲಸ ಮಾತ್ರ ಕಷ್ಟದ್ದಲ್ಲ. ಒಂದು ಪ್ಲಾಸ್ಟಿಕ್ ಲೋಟಕ್ಕೆ ನಾನೇ ನನ್ನ ಉಗುರುಬಣ್ಣದಿಂದ ಕೆಂಪು ಗೆರೆ ಎಳೆದಿದ್ದೆ. ಗೆರೆಯ ಮಟ್ಟಕ್ಕೆ ಪುಡಿ, ಸುಮಾರು ನಲವತ್ತು ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಬೇಕು, ಆಮೇಲೆ ಅರ್ಧ ಬಕೆಟ್ ನೀರು ಬೆರೆಸಿ ಕೋಲಿನಿಂದ ತಿರುವಬೇಕು. ಕಾಲು ಗಂಟೆ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು, ತಳದ ಗಸಿಯನ್ನು ಚೆಲ್ಲಬೇಕು. ಅರ್ಧ ಗಂಟೆ ನಲ್ಲಿ ಬಿಡಕೂಡದು. ನಂತರ ಓಣಿಯ ಕೊನೆಯ ನಲ್ಲಿಯಿಂದ ಗಾಜಿನ ಕೊಳವೆಗೆ ನೀರು ಹಿಡಿದು, ಪರೀಕ್ಷೆಯ ದ್ರಾವಣ ಐದು ಹನಿ ಹಾಕಿ, ಬೆಳಕಿಗೆ ಹಿಡಿದು ನೋಡಬೇಕು. ತೆಳು ಹಳದಿ ಬಂದರೆ ಕುಡಿಯಬಹುದು. ಬಣ್ಣವೇ ಬಾರದಿದ್ದರೆ ಔಷಧಿ ಸಾಲದು. ಕೇಸರಿಗೆ ತಿರುಗಿದರೆ ಹೆಚ್ಚಾಯಿತು.

ನನಗೆ ಪಟ್ಟಿ ಎಂದರೆ ಪ್ರಾಣ. ಏಳು ಹೆಂಗಸರಿಗೆ ವಾರದ ಏಳು ದಿನ ಹಂಚಿ, ಗೋಡೆಗೆ ಹಾಳೆ ಅಂಟಿಸಿದೆ. ಓದು ಬಾರದವರಿಗೆಂದು ಪ್ರತಿ ಹೆಸರಿನ ಮುಂದೆ ಆಯಾ ಮನೆಯ ಬಾಗಿಲಿನ ಬಣ್ಣ ಬಳಿದೆ. ನೀರಿನ ಬಣ್ಣ ಗುರುತಿಸಲು ಇನ್ನೊಂದು ಹಾಳೆ. ಶೇಕಡಾ ಎಪ್ಪತ್ತೈದಕ್ಕೂ ಹೆಚ್ಚು ಹಾಜರಿ ಇದ್ದವರಿಗೆ ಫೋಟೋ ಇರುವ ಪ್ರಮಾಣಪತ್ರ ಕೊಡುವುದೆಂದು ನಮ್ಮ ಸಂಸ್ಥೆಯ ಸಂಯೋಜಕರು ಹೇಳಿದ್ದರು. ಎದುರುಮನೆಯಾಕೆ ಅದೊಂದನ್ನು ಎರಡು ಸಲ ಕೇಳಿದಳು. "ಫೋಟೋ ಅಂದ್ರೆ ನನ್ನ ಒಬ್ಬಾಕಿದೇ ಬರತೈತಾ? ಗುಂಪಿನ್ದಾ?" ಒಬ್ಬರದೇ ಎಂದೆ. ಮಾರನೇ ದಿನ ಹರಿಹರಕ್ಕೆ ಹೋಗಿ ತೆಗೆಸಿಕೊಂಡು ಬಂದಿದ್ದಳು.

ಎರಡನೇ ತಿಂಗಳು ಪಾಳಿ ಶುರುವಾಯಿತು. ಮೊದಲ ವಾರ ಬೆಳಗ್ಗೆ ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಎಲ್ಲರೂ ಅಚ್ಚುಕಟ್ಟಾಗಿ ಮಾಡಿದರು. ಆಮೇಲೆ ನಾಲ್ಕು ಗಂಟೆಯ ತರಗತಿಗಷ್ಟೇ ಹೋಗತೊಡಗಿದೆ. "ಬೆಳಗ್ಗೆ ಪಾಳಿಗೆ ಬಂದ್ರಾ?" ಎಂದು ಕೇಳುತ್ತಿದ್ದೆ. "ಬಂದ್ವಿ" ಎನ್ನುತ್ತಿದ್ದರು. ನಾನು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಮೂರು ವಾರ ಒಂದೂ ಖಾನೆ ಖಾಲಿ ಬೀಳಲಿಲ್ಲ. ಇಷ್ಟು ಒಳ್ಳೆಯ ಹಾಜರಿ ನಮ್ಮ ಸಂಸ್ಥೆಯಲ್ಲಿ ಯಾರಿಗೂ ಬಂದಿಲ್ಲವೆಂದು ಸಂಯೋಜಕರು ಸಭೆಯಲ್ಲಿ ಹೇಳಿದರು. ನಾನು ಬೀಗಿದೆ, ಅದನ್ನು ಮುಚ್ಚಿಡುವುದೇಕೆ.

ಬೆಳಗ್ಗೆ ಹೋಗುವುದು ಬಿಟ್ಟ ನಾಲ್ಕನೇ ವಾರದ ಗುರುವಾರ ಪುಡಿಯ ಹೊಸ ಚೀಲ ಕೊಡಲೆಂದು ಮುಂಜಾನೆಯ ಬಸ್ಸು ಹಿಡಿದೆ. ಅಂದು ಎದುರುಮನೆಯಾಕೆಯ ಪಾಳಿ. ಟ್ಯಾಂಕಿನ ಮೆಟ್ಟಿಲ ಮೇಲೆ ಅವಳಿರಲಿಲ್ಲ, ಅವಳ ಅತ್ತೆ ಇದ್ದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬರಿಗೈಯನ್ನು ಮೊಣಕೈತನಕ ಬಕೆಟ್ಟಿಗೆ ಇಳಿಸಿ ತಿರುವುತ್ತಿದ್ದಳು. ನಾನು ಕೂಗುವಷ್ಟರಲ್ಲಿ ತಿಳಿ, ಗಸಿ ಎಲ್ಲವನ್ನೂ ಒಟ್ಟಿಗೆ ತೊಟ್ಟಿಗೆ ಮಗುಚಿದಳು.

"ಅಜ್ಜೀ, ನೀವ್ಯಾಕೆ ಹಾಕ್ತಿದ್ದೀರಿ?"

"ಯಾಕಂದ್ರೆ? ಪಾಳಿ ನಮ್ಮದು. ಸೊಸಿ ಭಾನುವಳ್ಳಿಗೆ ಹೋಗ್ಯಾಳ, ತವರುಮನೆ ನಾಟಿಗೆ. ನಾ ಬಂದೀನಿ."

"ಎಷ್ಟು ಹಾಕಿದ್ರಿ?"

"ಲೋಟದ ತುಂಬ ಹಾಕಿದೆ. ಮ್ಯಾಲೆ ಒಂದು ಹಿಡಿ. ಊರಿಗೆಲ್ಲ ಕುಡಿಯಾಕೆ ಹಾಕೋದು, ಜುಗ್ಗತನ ಮಾಡಬಾರ್ದು."

ಅಷ್ಟರಲ್ಲಿ ಅವಳ ಮಗ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಮನೆಯಿಂದ ಹೊರಗೆ ಬಂದ. ರಾತ್ರಿಪಾಳಿ ಮುಗಿಸಿ ಕಾರ್ಖಾನೆಯಿಂದ ಆಗಷ್ಟೇ ಬಂದವನು. "ಅವ್ವಾ, ನಾ ಆಗ್ಲೇ ಹಾಕೀನಿ ಬೇ! ಬಂದ ಕೂಡ್ಲೆ ಹಾಕಿ ಒಳಗೆ ಹೋದೆ."

ಅರ್ಧ ಗಂಟೆಯ ನಂತರ ಕೊನೆಯ ನಲ್ಲಿಯ ನೀರಿಗೆ ಐದು ಹನಿ ಹಾಕಿದೆ. ಕೊಳವೆ ಕುಂಕುಮದ ನೀರಿನಂತಾಯಿತು. ಜೀವಕ್ಕೆ ಅಪಾಯವಿರಲಿಲ್ಲ, ಆದರೆ ಆ ನೀರನ್ನು ಬಾಯಿಗೆ ಇಡುವಂತಿರಲಿಲ್ಲ. ಐದು ಸಾವಿರ ಲೀಟರನ್ನು ಚರಂಡಿಗೆ ಬಿಟ್ಟೆವು. ಓಣಿಯವರು ಕೊಡ ಹಿಡಿದು ಪಕ್ಕದ ಓಣಿಗೆ ನಡೆದರು. ಯಾರೋ ಕಚೇರಿಗೆ ಫೋನು ಮಾಡಿದರು. ಹತ್ತು ಗಂಟೆಗೆ ಕಿರಿಯ ಇಂಜಿನಿಯರ್ ಬೈಕಿನಲ್ಲಿ ಬಂದರು.

ಅವರು ಕೂಗಾಡುವ ಮನುಷ್ಯರಲ್ಲ. ತೊಟ್ಟಿಯೊಳಗೆ ಇಣುಕಿ, ತಳದ ಸುಣ್ಣ ನೋಡಿ, ಕೈ ಒರೆಸಿಕೊಂಡರು. "ಮೇಡಂ, ನಾವು ಏಜೆನ್ಸಿ ಅನ್ನೋದು ಇದಕ್ಕೇ. ಹದಿನೈದು ದಿನ ಟೈಮ್ ಕೊಡ್ತೀನಿ. ಹದಿನಾರನೇ ದಿನ ಬೆಳಗ್ಗೆ ನಾನೇ ಬಂದು ಟೆಸ್ಟ್ ಮಾಡ್ತೀನಿ. ನಡುವೆ ಒಂದು ಕಂಪ್ಲೇಂಟ್ ಬಂದ್ರೂ ಕೀ ನಮ್ಮ ಕೈಗೆ ಬರಬೇಕು."

ಅಂದು ಮಧ್ಯಾಹ್ನ ತರಗತಿಯಲ್ಲಿ ನಾನು ವಿಚಾರಣೆಗೆ ಕುಳಿತೆ. ಯಾರೂ ಏನನ್ನೂ ಮುಚ್ಚಿಡಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಏಳರಲ್ಲಿ ಒಬ್ಬಳಾದ ಹೊಲಿಗೆಯಾಕೆಯ ಬದಲು ಅವಳ ಗಂಡ ಎರಡು ಸಲ ಬಂದಿದ್ದ. ಇನ್ನೊಬ್ಬಳ ಮನೆಯಿಂದ, ಊರಿನಿಂದ ನಾಲ್ಕು ದಿನಕ್ಕೆಂದು ಬಂದಿದ್ದ ನಾದಿನಿ ಬಂದು ಹಾಕಿ ಹೋಗಿದ್ದಳು. ಆ ಮೂರು ವಾರದ ಇಪ್ಪತ್ತೊಂದು ಪಾಳಿಯಲ್ಲಿ ನಾನು ಕಲಿಸಿದ ಕೈಗಳು ಮಾಡಿದ್ದು ಒಂಬತ್ತು. ಉಳಿದ ಹನ್ನೆರಡು ದಿನ ಓಣಿ ಅದೃಷ್ಟದ ಮೇಲೆ ಕುಡಿದಿತ್ತು.

"ಬಂದ್ವಿ ಅಂದ್ರಲ್ಲ!" ಎಂದು ನಾನು ಏರುದನಿಯಲ್ಲಿ ಕೇಳಿದೆ.

"ಬಂದೀವಲ್ರಿ, ಒಂದು ದಿನಾನೂ ತಪ್ಪಿಸಿಲ್ಲ," ಎಂದಳು ಹೊಲಿಗೆಯಾಕೆ. ಅವಳಿಗೆ ನಿಜಕ್ಕೂ ನನ್ನ ಸಿಟ್ಟು ಅರ್ಥವಾಗಿರಲಿಲ್ಲ.

ನಾನು ಹೊಸ ನಿಯಮ ಮಾಡಿದೆ. ಏಳು ಜನರಿಗೂ ಕೊರಳಿಗೆ ಹಾಕುವ ಫೋಟೋ ಕಾರ್ಡು. ಕಾರ್ಡಿಲ್ಲದವರು ಬೀಗ ಮುಟ್ಟುವಂತಿಲ್ಲ. ಮೊದಲ ದಿನ ಬೆಳಗ್ಗೆ ಹೊಲಿಗೆಯಾಕೆಗೆ ಜ್ವರ, ಅವಳ ಗಂಡ ಬಂದ. ಭಾನುವಳ್ಳಿಯಿಂದ ಮರಳಿದ್ದ ಎದುರುಮನೆಯಾಕೆ ನನ್ನ ಆಜ್ಞೆಯಂತೆ ಅವನನ್ನು ವಾಪಸ್ ಕಳಿಸಿ ತಾನೇ ಕೆಲಸ ಮುಗಿಸಿದಳು. ಆ ದಿನ ತರಗತಿಗೆ ನಾಲ್ವರು ಬರಲಿಲ್ಲ. ಎರಡನೇ ದಿನ ಪಾಳಿಯಿದ್ದವಳು ಕಾರ್ಡನ್ನೂ ಬೀಗದ ಕೈಯನ್ನೂ ಸಮುದಾಯ ಭವನದ ಚಿಲಕಕ್ಕೆ ತೂಗುಹಾಕಿ ಕೆಲಸಕ್ಕೆ ಹೋಗಿಬಿಟ್ಟಳು.

ಮೂರನೇ ದಿನ ಬೆಳಗ್ಗೆ ನಾನೇ ಕೋಲು ಹಿಡಿದು ಬಕೆಟ್ಟು ತಿರುವುತ್ತ ಮೆಟ್ಟಿಲ ಮೇಲೆ ಕುಳಿತಿದ್ದೆ. ಇಡೀ ಓಣಿಯ ಮನೆಗಳಲ್ಲಿ ಕಸ ಗುಡಿಸುವ ಸದ್ದು. ಯಾರೂ ನನ್ನತ್ತ ನೋಡುತ್ತಿರಲಿಲ್ಲ. ಎದುರುಮನೆಯಾಕೆ ಬಂದು ಪಕ್ಕದಲ್ಲಿ ಕುಳಿತಳು.

"ನಮ್ಮತ್ತಿ ಈ ಟ್ಯಾಂಕಿನ ನೀರು ಮುಟ್ಟವಲ್ಲಳು," ಎಂದಳು. "ನಾ ಕೆಡಿಸಿದ ನೀರು ಅಂತಾಳೆ. ದಿನಾ ಪಕ್ಕದ ಓಣಿಯಿಂದ ಒಂದು ಬಿಂದಿಗಿ ಹೊತ್ಕಂಡು ಬರ್ತಾಳ. ಈ ವಯಸ್ಸಿನಾಗೆ."

ನಾನು ಕೋಲು ತಿರುವುತ್ತಲೇ ಇದ್ದೆ.

"ಟೀಚರ್, ನಿಮ್ಮ ಕಡೆ ಮುಯ್ಯಾಳು ಅಂತ ಇಲ್ವಾ?"

ಮಾತು ಗೊತ್ತಿತ್ತು. ಒಂದು ದಿನ ನಿಮ್ಮ ಮನೆಯ ಆಳು ನಮ್ಮ ಹೊಲಕ್ಕೆ, ಇನ್ನೊಂದು ದಿನ ನಮ್ಮ ಮನೆಯ ಆಳು ನಿಮ್ಮ ಹೊಲಕ್ಕೆ. ಕೂಲಿ ಇಲ್ಲ, ದುಡಿಮೆಗೆ ದುಡಿಮೆ. ನಾನು ಹುಟ್ಟಿ ಬೆಳೆದದ್ದು ಪೇಟೆಯಲ್ಲಾದ್ದರಿಂದ ಅದರ ಅರ್ಥ ಗೊತ್ತಿತ್ತೇ ಹೊರತು ನಡಾವಳಿ ಗೊತ್ತಿರಲಿಲ್ಲ.

"ನಾ ಭಾನುವಳ್ಳಿಗೆ ಹೋಗಿದ್ದು ಅದಕ್ಕೇ," ಎಂದಳು. "ಮುಯ್ಯಿ ಇರೋದು ಮನೆಗೆ ಕಣ್ರಿ, ಮನುಷ್ಯರಿಗಲ್ಲ. ಮನೆಗೊಂದು ಆಳು ಬರಬೇಕು, ಅಷ್ಟೇ. ಇಂಥೋರೇ ಬರ್ರಿ ಅನ್ನಂಗಿಲ್ಲ. ಬಂದ ಆಳನ್ನ ವಾಪಸ್ ಕಳಿಸಂಗಿಲ್ಲ. ಕಳಿಸಿದ್ರೆ ಆ ಮನೇನೇ ಬ್ಯಾಡ ಅಂದಂಗೆ. ಮೊನ್ನೆ ಹೊಲಿಗಿಯಾಕಿ ಗಂಡನ್ನ ಹಿಂದಕ್ಕೆ ಕಳಿಸಿದ್ನಲ್ಲ, ಆಕಿ ನನ್ನ ಕೂಡ ಮಾತು ಬಿಟ್ಟಾಳೆ."

"ಕೆಲಸವೇ ಬಾರದ ಆಳು ಬಂದ್ರೆ ಏನು ಮಾಡ್ತೀರಿ?"

"ಬರೋರ ಪಕ್ಕ ನಿಂದ್ರಸ್ತೀವಿ. ನಾಟಿ ಹಚ್ಚಾಕೆ ನಾ ಹೆಂಗೆ ಕಲ್ತೆ ಅನ್ಕಂಡ್ರಿ? ಯಾವ ಟೀಚರ್ ಬಂದಿದ್ರು?"

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಚುಚ್ಚಿತು. ಮೂರು ತಿಂಗಳ ಪಾಠದ ಯೋಜನೆ ಬರೆಯುವಾಗ ಈ ಒಂದು ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ. ಇಲ್ಲಿಯವರು ಕೆಲಸ ಕಲಿಯುವುದು ಹೇಗೆ ಎಂದು ಗೊತ್ತಿಲ್ಲದೆ ಕಲಿಸಲು ಹೊರಟಿದ್ದೆ. ಬಕೆಟ್ಟಿನಲ್ಲಿ ಸುಣ್ಣ ಕೂತ ಮೇಲೆ ಇಬ್ಬರೂ ಸೇರಿ ತಿಳಿಯನ್ನು ಟ್ಯಾಂಕಿಗೆ ಸುರಿದೆವು.

ಅದೇ ದಿನ ಗೋಡೆಯ ಹಾಳೆ ಕಿತ್ತೆ. ಕಾರ್ಡುಗಳನ್ನು ವಾಪಸ್ ತೆಗೆದುಕೊಂಡೆ. ಮನೆಮನೆಗೆ ಹೋಗಿ ಹೇಳಿದ್ದು ಇಷ್ಟೆ: ಪಾಳಿ ಇನ್ನು ಏಳು ಜನರದಲ್ಲ, ಬಾಗಿಲ ಸಾಲಿನಲ್ಲಿ ಎಲ್ಲ ಮನೆಗಳದು. ಮನೆಯಿಂದ ಯಾರು ಬೇಕಾದರೂ ಬರಲಿ. ಆದರೆ ನಿನ್ನೆ ಪಾಳಿ ಮಾಡಿದ ಕೈ ಇಂದಿನ ಕೈಯ ಪಕ್ಕದಲ್ಲಿ ನಿಲ್ಲಬೇಕು, ಕೊಳವೆ ಹಳದಿಯಾದ ಮೇಲೆಯೇ ಮನೆಗೆ ಹೋಗಬೇಕು. ಇಂದು ಕಲಿತವರು ನಾಳೆ ನಿಂತು ಕಲಿಸಬೇಕು. ಹೊಲಿಗೆಯಾಕೆಯ ಬಾಗಿಲಲ್ಲಿ ನಾನು ಅವಳ ಗಂಡನ ಕ್ಷಮೆ ಕೇಳಿದೆ. ಆತ ಕಸಿವಿಸಿಗೊಂಡು, "ಅಯ್ಯ, ಕೂಡ್ರಿ, ಚಾ ಕುಡೀರಿ" ಎಂದ.

ಪಾಳಿಯನ್ನು ಟ್ಯಾಂಕಿನ ಎದುರುಮನೆಯಿಂದಲೇ ಶುರು ಮಾಡಬೇಕಿತ್ತು. "ನಿಮ್ಮ ಮನೆಯಿಂದ ಯಾರು ಬರ್ತೀರಿ?" ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಸೊಸೆ ಅತ್ತೆಯ ಮುಖ ನೋಡಿದಳು. ಅಜ್ಜಿ ಗೋಡೆಯ ಕಡೆ ತಿರುಗಿ, "ನನ್ನ ಕೈಗೆ ಬ್ಯಾಡ, ಮತ್ತೆ ಕೆಟ್ಟುಗಿಟ್ಟೀತು" ಎಂದಳು. ಸೊಸೆ ಕೋಲನ್ನು ತಂದು ಅವಳ ಕೈಗಿತ್ತಳು. "ಬಾ ಅತ್ತಿ, ನಾ ಪಕ್ಕದಾಗೆ ನಿಂದ್ರತೀನಿ."

ಪ್ರಮಾಣಪತ್ರದ ವಿಷಯ ಸೊಸೆಗೆ ನಾನೇ ಹೇಳಬೇಕಾಯಿತು. ಪಟ್ಟಿಯೇ ಇಲ್ಲವೆಂದ ಮೇಲೆ ಹಾಜರಿಯೂ ಇಲ್ಲ, ಪತ್ರವೂ ಇಲ್ಲ. "ಇರ್ಲಿ ಬಿಡ್ರಿ. ಫೋಟೋ ಬ್ಯಾಂಕಿಗಾದ್ರೂ ಬೇಕಾಗತೈತೆ" ಎಂದಳು. ನನಗೆ ಸಂಕಟವಾಯಿತು. ಓಣಿಯಲ್ಲಿ ಯಾರಿಗಾದರೂ ಆ ಪತ್ರ ಸಲ್ಲಬೇಕಿದ್ದರೆ ಅದು ಅವಳಿಗೇ.

ಸಂಯೋಜಕರು ಫೋನಿನಲ್ಲಿ, "ತರಬೇತಾದವರ ಹೆಸರು ಕಳಿಸಿ" ಎಂದರು. ಇಡೀ ಓಣಿ ಎಂದೆ. "ಓಣಿಗೆ ಸರ್ಟಿಫಿಕೇಟ್ ಕೊಡೋಕಾಗುತ್ತೇನ್ರಿ?" ಎಂದು ನಕ್ಕರು. ನಾನು ನಗದಿದ್ದಾಗ ಅವರೂ ನಗು ನಿಲ್ಲಿಸಿ, ಇದು ಕೆಟ್ಟರೆ ಮುಂದಿನ ವರ್ಷದ ಕೆಲಸಕ್ಕೆ ನಿಮ್ಮ ಹೆಸರು ಹಾಕುವುದು ಕಷ್ಟವಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ತಿಳಿಯಿತು ಎಂದೆ.

ಉಳಿದ ದಿನಗಳಲ್ಲಿ ಬೆಳಗಿನ ಹೊತ್ತು ಓಣಿಗೆ ಹೋಗಬಾರದೆಂದು ನಿರ್ಧರಿಸಿದೆ. ನಾನು ಹೋಗಿ ನಿಂತರೆ ಎಲ್ಲರೂ ನನ್ನ ಮುಖ ನೋಡುತ್ತಾರೆ, ನಿನ್ನೆಯವರ ಮುಖ ನೋಡುವುದಿಲ್ಲ. ಹೇಳಿದಷ್ಟು ಸುಲಭವಾಗಿರಲಿಲ್ಲ. ದಿನಾ ಬೆಳಗ್ಗೆ ವಿನೋಬನಗರದ ಅಡುಗೆಮನೆಯಲ್ಲಿ ಫೋನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡು ಚಟಪಡಿಸುತ್ತಿದ್ದೆ.

ಹತ್ತನೇ ದಿನ ಫೋನು ಬಂತು. ಮಗನ ಮೊಬೈಲಿನಲ್ಲಿ ಅಜ್ಜಿ.

"ಟೀಚರ್, ಇವತ್ತು ಕೊಳವ್ಯಾಗೆ ಬಣ್ಣ ಬರ್ಲಿಲ್ಲ."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಗೆರೆತನಕ ಹಾಕಿದ್ರಾ?"

"ಹಾಕಿದ್ರು. ಪಾಳಿ ನಮ್ಮದಲ್ಲ, ಕೆಂಪು ಬಾಗಿಲ ಮನೇದು. ಎಲ್ಲ ಸರಿ ಮಾಡ್ಯಾರೆ, ಬಣ್ಣ ಮಾತ್ರ ಇಲ್ಲ. ಆಮ್ಯಾಕೆ ನಾ ಹೋಗಿ ಪುಡಿ ಡಬ್ಬಿ ನೋಡ್ದೆ. ಹತ್ರ ಹೋದ್ರೂ ಮೂಗಿಗೆ ಹತ್ತಲೇ ಇಲ್ಲ. ಮೊನ್ನೆ ಮಳೆ ಬಂದಾಗ ಯಾರೋ ಮುಚ್ಚಳ ತೆಗೆದಿಟ್ಟಾರೆ, ಪುಡಿ ಸತ್ತೈತೆ."

"ನಲ್ಲಿ ಬಿಟ್ಟಿದ್ದೀರಾ?"

"ಬಣ್ಣ ಬರ್ದೆ ಹೆಂಗೆ ಬಿಡ್ತೀವಿ? ಹೊಸ ಚೀಲ ಒಡೆದು ಇನ್ನೊಮ್ಮೆ ಕಲಸಿದ್ವಿ. ಈಗ ಹಳದಿ ಐತೆ. ನೀರು ಬಿಟ್ವಿ."

"ಮತ್ತೆ ಫೋನು ಯಾಕೆ ಮಾಡಿದ್ರಿ ಅಜ್ಜಿ?"

"ನಿಮಗೂ ಗೊತ್ತಿರ್ಲಿ ಅಂತ."

ತೆರೆದಿಟ್ಟ ಪುಡಿ ಸತ್ವ ಕಳೆದುಕೊಳ್ಳುತ್ತದೆಂದು ತರಗತಿಯಲ್ಲಿ ಒಮ್ಮೆ ಹೇಳಿದ್ದೆ. ಅಜ್ಜಿ ಆ ತರಗತಿಗೆ ಬಂದವಳಲ್ಲ. ಯಾರಿಂದ ಯಾರಿಗೆ ದಾಟಿ ಅದು ಅವಳನ್ನು ಮುಟ್ಟಿತೋ ನಾನು ಕೇಳಲಿಲ್ಲ.

ಹದಿನಾರನೇ ದಿನ ಬೆಳಗ್ಗೆ ಇಂಜಿನಿಯರ್ ಮಾತಿನಂತೆ ಬಂದರು. ನಾನೂ ಹೋಗಿದ್ದೆ. ಅಷ್ಟರಲ್ಲಿ ಬಾಗಿಲ ಸಾಲು ಸುತ್ತು ಮುಗಿಸಿ ಹೊಲಿಗೆಯಾಕೆಯ ಮನೆಗೆ ಬಂದಿತ್ತು. ಸಾಲಿನಲ್ಲಿ ಅವಳ ಹಿಂದಿನದು ಎದುರುಮನೆ, ಹಾಗಾಗಿ ಪಕ್ಕದಲ್ಲಿ ನಿಲ್ಲುವ ಕೆಲಸ ಅಜ್ಜಿಯದು. ಹೊಲಿಗೆಯಾಕೆಯಾಗಲಿ ಅವಳ ಗಂಡನಾಗಲಿ ಕಾಣಲಿಲ್ಲ. ಬದಲಿಗೆ ಟ್ಯಾಂಕಿನ ಬಳಿ ನಿಂತಿದ್ದವನು ನಾನು ಎಂದೂ ನೋಡಿರದ ಒಬ್ಬ ದಪ್ಪ ಮೀಸೆಯ ಗಂಡಸು, ಅವಳ ಅಣ್ಣನಂತೆ. ಹಿಂದಿನ ದಿನವಷ್ಟೇ ಊರಿನಿಂದ ಬಂದಿದ್ದ. ಅವನು ಲೋಟವನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದ. ಹೋಗಿ ಲೋಟ ಕಸಿದುಕೊಳ್ಳಬೇಕೆನ್ನಿಸಿತು. ಒಂದು ಹೆಜ್ಜೆ ಇಟ್ಟೂ ಇಟ್ಟೆ. ಎದುರುಮನೆಯಾಕೆ ನನ್ನ ಸೆರಗನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದಳು.

ಅಜ್ಜಿ ಮೆಟ್ಟಿಲ ಮೇಲೆ ಕುಳಿತಿದ್ದಳು. "ಗೆರೆ ಕಾಣತೈತಾ? ಅಷ್ಟೇ ಹಾಕಪ್ಪ. ಹೆಚ್ಚು ಹಾಕಿದ್ರೆ ಪುಣ್ಯ ಬರಲ್ಲ, ನಾ ಹಾಕಿ ನೋಡೀನಿ" ಎಂದಳು. ಅವನು ಕಲಸಿದ. ಕೋಲು ಬಿಟ್ಟು ಕೈ ಹಾಕಲು ಹೋದಾಗ ಅವಳು ಅವನ ಮಣಿಕಟ್ಟಿಗೆ ಒಂದೇಟು ಕೊಟ್ಟಳು. ಸುಣ್ಣ ಕೂತಿತು, ತಿಳಿ ಟ್ಯಾಂಕಿಗೆ ಹೋಯಿತು, ಗಸಿ ಚರಂಡಿಗೆ ಹೋಯಿತು.

ಇಂಜಿನಿಯರ್ ಗಡಿಯಾರ ನೋಡಿಕೊಂಡು ಕೊಳವೆ ತೆಗೆದರು. ಅವರಿಗೆ ಇನ್ನೂ ಎರಡು ಕಡೆ ಹೋಗಬೇಕಿತ್ತು.

"ಈಗ್ಲೇ ಬ್ಯಾಡ ಸಾಹೇಬ್ರೇ," ಎಂದಳು ಅಜ್ಜಿ. "ಅರ್ಧ ತಾಸು ಆಗ್ಬೇಕು. ಕೂಡ್ರಿ."

"ನನಗೆ ಗೊತ್ತೈತೆ ಅಜ್ಜಿ, ಸುಮ್ನೆ ಒಂದು ಸಲ..."

"ಗೊತ್ತಿದ್ರೆ ಕೂಡ್ರಿ ಮತ್ತೆ."

ಅವರು ಕುಳಿತರು. ಹೊಲಿಗೆಯಾಕೆಯ ಮನೆಯಿಂದ ಚಹಾ ಬಂತು. ಅರ್ಧ ಗಂಟೆ ಕಳೆದ ಮೇಲೆ ಎಲ್ಲರೂ ಓಣಿಯ ಕೊನೆಯ ನಲ್ಲಿಗೆ ನಡೆದೆವು. ಐದು ಹನಿ ಬಿದ್ದವು. ನಿಂಬೆಯ ಸಿಪ್ಪೆಯ ಹಳದಿ, ತೆಳುವಾಗಿ, ನಿಧಾನವಾಗಿ ಬಂತು. ಇಂಜಿನಿಯರ್ ತಮ್ಮ ಪೆಟ್ಟಿಗೆಯಲ್ಲಿದ್ದ ಇನ್ನೊಂದು ಕೊಳವೆಯಲ್ಲೂ ನೋಡಿದರು. ಅಲ್ಲೂ ಅದೇ ಬಣ್ಣ. ಒಪ್ಪಿಗೆ ಪತ್ರದಲ್ಲಿ ನಿರ್ವಾಹಕರ ಹೆಸರು ಎಂಬ ಖಾನೆಯಿತ್ತು. ಪೆನ್ನು ಹಿಡಿದು ನಮ್ಮನ್ನೆಲ್ಲ ಒಮ್ಮೆ ನೋಡಿ, 'ಆಯಾ ದಿನದ ಪಾಳಿಯ ಮನೆ' ಎಂದು ಬರೆದರು. ಬೀಗದ ಕೈ ಓಣಿಯಲ್ಲೇ ಉಳಿಯಿತು.

ಅವರು ಹೋದ ಮೇಲೆ ಅಜ್ಜಿ ಒಂದು ಚೊಂಬು ತಂದು ಅದೇ ನಲ್ಲಿಗೆ ಹಿಡಿದಳು. ಯಾರ ಕಡೆಗೂ ನೋಡದೆ ಎತ್ತಿ ಗಟಗಟ ಕುಡಿದಳು. ಸೊಸೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನಾನೂ ಬಸ್ಸಿಗೆ ಹೊತ್ತಾಯಿತೆಂದು ಬೇಗ ಹೊರಟೆ.

ಒಂದು ತಿಂಗಳಾಗಿರಬೇಕು. ಭಾನುವಾರ ಬೆಳಗ್ಗೆ ವಿನೋಬನಗರದ ನನ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅತ್ತೆ, ಸೊಸೆ. ಇಬ್ಬರೂ ಹಳೆಯ ಸೀರೆ ಉಟ್ಟಿದ್ದರು, ಕೆಲಸಕ್ಕೆ ಹೊರಟವರು ಉಡುವಂಥದು.

"ಬರ್ರಿ, ಏನು ಇಷ್ಟು ದೂರ?"

"ಇಷ್ಟು ದಿನ ನೀವು ನಮ್ಮ ಓಣಿಗೆ ಬಂದ್ರಿ," ಎಂದಳು ಸೊಸೆ. "ಓಣಿಯೋರು ಮಾತಾಡ್ಕಂಡೀವಿ. ಮೊದ್ಲು ನಮ್ಮ ಮನೆ ಪಾಳಿ ಬಂತು, ಎರಡಾಳು ಬಂದೀವಿ. ಏನು ಕೆಲಸ ಐತೆ ಹೇಳ್ರಿ."

"ಅಯ್ಯೋ, ನನಗೆ ಅದಕ್ಕೆ ಸಂಬಳ ಬರ್ತಿತ್ತು!"

"ಸಂಬಳ ಕೊಟ್ಟೋರು ನಾವಲ್ಲಲ್ರಿ," ಎಂದಳು ಅಜ್ಜಿ. ಅಷ್ಟಕ್ಕೆ ಆ ವಿಷಯ ಮುಗಿಯಿತು.

ಕೆಲಸ ಏನೂ ಇಲ್ಲ, ಕಾಫಿ ಕುಡಿದು ಊಟ ಮಾಡಿಕೊಂಡು ಹೋಗಿ ಎಂದು ಹೇಳಲು ಬಾಯಿ ತೆರೆದೆ. ಹೊಲಿಗೆಯಾಕೆಯ ಗಂಡನ ನೆನಪಾಗಿ ಮುಚ್ಚಿದೆ. ಬಂದ ಆಳನ್ನು ವಾಪಸ್ ಕಳಿಸಬಾರದು. ಆದರೆ ಕೊಡುವ ಕೆಲಸವಾದರೂ ಏನು? ಯೋಚಿಸಲು ಸಮಯ ಸಿಗಲೆಂದು ಕಾಫಿಗೆ ನೀರಿಟ್ಟೆ.

ಅಜ್ಜಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. ಸೊಂಟದ ಎಲೆಅಡಿಕೆ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಗಾಜಿನ ಕೊಳವೆ ತೆಗೆದಳು, ಹನಿಯ ಸೀಸೆಯನ್ನೂ ತೆಗೆದಳು. ಪಾಳಿಯ ಸಾಮಾನಿನ ಎರಡನೇ ಜೊತೆ, ಬಿಟ್ಟು ಬರಲು ಮರೆತಿದ್ದಳಂತೆ. ನನ್ನ ನಲ್ಲಿ ತಿರುಗಿಸಿ ನೀರು ಹಿಡಿದು, ಐದು ಹನಿ ಎಣಿಸಿ ಬಿಟ್ಟು, ಕಿಟಕಿಯ ಬೆಳಕಿಗೆ ಎತ್ತಿದಳು. ಮೂವರೂ ನೋಡಿದೆವು. ನೀರು ಇದ್ದಂತೆಯೇ ಇತ್ತು. ಇನ್ನೂ ಸ್ವಲ್ಪ ಕಾದೆವು. ಆಗಲೂ ಹಾಗೆಯೇ ಇತ್ತು.

ನಗರದ ಕೊಳಾಯಿಯಲ್ಲಿ ಬರುವ ನೀರನ್ನು ದೂರುವಂತಿರಲಿಲ್ಲ. ಅದು ಬಂದು ನಿಲ್ಲುವುದು ನಮ್ಮ ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ. ಆ ತೊಟ್ಟಿಯನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ಯೋಚಿಸಿದೆ. ನೆನಪಾಗಲಿಲ್ಲ. ಮೂರು ತಿಂಗಳು ಊರಿನ ನೀರಿಗೆ ಬಣ್ಣ ಹುಡುಕುತ್ತ ತಿರುಗಿದವಳು ಒಂದು ದಿನವೂ ನನ್ನ ಮನೆಯ ನಲ್ಲಿಗೆ ಕೊಳವೆ ಹಿಡಿದಿರಲಿಲ್ಲ.

ಅಜ್ಜಿ ಒಲೆ ಆರಿಸಿದಳು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಸೊಸೆ ಆಗಲೇ ಮೂಲೆಯಲ್ಲಿದ್ದ ಬಕೆಟ್ಟು, ಬ್ರಷ್ಷು ಎತ್ತಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದಳು.

"ನೀವೂ ಬರ್ರಿ ಟೀಚರ್," ಎಂದಳು ಅಜ್ಜಿ. "ನಮ್ಮ ಪಕ್ಕದಾಗೆ ನಿಂದ್ರಿ. ನಾಳೆ ಪಾಳಿ ನಿಮ್ಮದು."